ಒತ್ತು ಒಡೆಯದ ಸಾಫ್ಟ್‌ವೇರ್

ನಾನು ಬಳಸುವ ಸಾಫ್ಟ್‌ವೇರಿನ ಹೆಸರನ್ನು ಯಾರಿಗೂ ಹೇಳದೆ ನಾಲ್ಕು ವರ್ಷ ಕಳೆದೆ. ಕದ್ದದ್ದೇನಲ್ಲ, ದುಡ್ಡು ಕೊಟ್ಟು ಕೊಂಡದ್ದು. ನಮ್ಮ ಕಸುಬಿನ ಚೋದ್ಯ ನೋಡಿ: ಕದ್ದ ಸಾಫ್ಟ್‌ವೇರ್ ಇಟ್ಟುಕೊಂಡವರು ಅದರ ಹೆಸರನ್ನು ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸುತ್ತಾರೆ, ರಸೀದಿ ಸಮೇತ ಕೊಂಡ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಚೆನ್ನೈನ ಮೈಲಾಪೂರಿನಲ್ಲಿ ಹಳೆಯ ಮನೆಯೊಂದರ ಮಹಡಿ ಮೆಟ್ಟಿಲ ಕೆಳಗಿನ ಕೋಣೆ ನನ್ನ ಅಂಗಡಿ. ಮದುವೆಯ ಕರೆಯೋಲೆ, ಹೋಟೆಲುಗಳ ಮೆನು, ಸಿಹಿತಿಂಡಿ ಡಬ್ಬಿಯ ಲೇಬಲ್ಲು, ವೈಕುಂಠ ಸಮಾರಾಧನೆಯ ಕಾಗದ, ಯಾವುದು ಬಂದರೂ ಮಾಡಿಕೊಡುತ್ತೇನೆ. ಅಪ್ಪ ಉಡುಪಿ ಕಡೆಯಿಂದ ಇಲ್ಲಿನ ಹೋಟೆಲೊಂದಕ್ಕೆ ಸಿಹಿತಿಂಡಿ ಮಾಡಲು ಬಂದವರು. ನಾನು ಹುಟ್ಟಿದ್ದು ಇಲ್ಲೇ, ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಓದಲು ಕಲಿಸಿದ್ದು ಅಮ್ಮ, ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ. ಆ ಅಕ್ಷರಗಳನ್ನು ಅಂದವಾಗಿ ನಿಲ್ಲಿಸಲು ಕಲಿಸಿದ್ದು ಅಕ್ಕ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಇದೇ ಮೈಲಾಪೂರಿನ ಒಂದು ಆಫ್‌ಸೆಟ್ ಪ್ರೆಸ್ಸಿಗೆ ನಾನು ಬರೀ ಟೈಪಿಂಗ್ ಬರುವ ಹುಡುಗಿಯಾಗಿ ಸೇರಿದಾಗ, ಅಲ್ಲಿ ಪುಟ ಕಟ್ಟುತ್ತಿದ್ದವರು. ಗದಗಿನ ಕಡೆಯ ಲಿಂಗಾಯತರು. ಹಣೆಯ ಮೇಲೆ ವಿಭೂತಿ ಇಲ್ಲದೆ ಕಂಪ್ಯೂಟರ್ ಮುಟ್ಟಿದವರಲ್ಲ. ಗಂಡ ಇಲ್ಲಿನ ಬಟ್ಟೆ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತ. ಮಕ್ಕಳಿಲ್ಲ. ಮೊದಲ ದಿನವೇ ನನ್ನನ್ನು ತಂಗಿ ಎಂದರು. ನಾನು ಒಂದು ಸಾಲನ್ನು ಬಿಗಿಯಾಗಿ ಕೂರಿಸಿದ್ದನ್ನು ನೋಡಿ, "ಅಕ್ಷರ ಅಂದ್ರ ಮಂದಿ ಇದ್ದಂಗ ತಂಗಿ. ಒತ್ತಿ ನಿಲ್ಲಿಸಿದ್ರ ಉಸಿರು ಕಟ್ಟತೈತಿ" ಎಂದು ತಾವೇ ಮೌಸ್ ಹಿಡಿದು ಸರಿಮಾಡಿದ್ದರು. ಯಾವ ಇನ್‌ಸ್ಟಿಟ್ಯೂಟಿಗೂ ದುಡ್ಡು ಸುರಿಯದೆ ನಾನು ಕಸುಬು ಕಲಿತದ್ದು ಅವರ ಕುರ್ಚಿಯ ಪಕ್ಕ ನಿಂತು. ಅವರು ತಮಗೆ ಗೊತ್ತಿದ್ದುದರಲ್ಲಿ ಒಂದನ್ನೂ ನನ್ನಿಂದ ಮುಚ್ಚಿಟ್ಟವರಲ್ಲ.

ಚೆನ್ನೈನಲ್ಲಿ ನೆಲೆಯೂರಿದ ಕನ್ನಡ ಮನೆಗಳಲ್ಲಿ ಒಂದು ಪದ್ಧತಿ ಇದೆ. ಮದುವೆ ಗಂಡು ಕನ್ನಡದಲ್ಲಿ ಎರಡು ಮಾತು ಆಡಲಾರ, ಮದುವೆ ಹೆಣ್ಣಿಗೆ ಓದಲು ಬಾರದು. ಆದರೂ ಕರೆಯೋಲೆಯ ಒಂದು ಮಗ್ಗುಲು ಕನ್ನಡದಲ್ಲೇ ಇರಬೇಕು. ಊರಿನ ದೇವರ ಮುಂದೆ ಇಡುವುದು ಆ ಮಗ್ಗುಲನ್ನು. ತಪ್ಪಿದ್ದರೆ ಅಜ್ಜಿಯಂದಿರು ಸುಮ್ಮನಿರುವುದಿಲ್ಲ. ಈ ಕೆಲಸ ಮಾಡಿಕೊಡುವವರು ಇಡೀ ಊರಿನಲ್ಲಿ ಬೆರಳೆಣಿಕೆಯಷ್ಟು. ಅದರಲ್ಲಿ ಮೊದಲ ಹೆಸರು ಅಕ್ಕನದು.

ಕಷ್ಟವೆಂದರೆ ಒತ್ತಕ್ಷರ. ಎಲ್ಲರೂ ಬಳಸುತ್ತಿದ್ದ ಆ ದೊಡ್ಡ ಹೆಸರಿನ ಸಾಫ್ಟ್‌ವೇರಿನ ಹಳೆಯ ಪ್ರತಿಗಳಿಗೆ ಕನ್ನಡದ ಒತ್ತು ಎಂದರೆ ಆಗದು. ಲಕ್ಷ್ಮಿ ಎಂದು ಹೊಡೆದರೆ ಲ, ಕ, ಷ, ಮ ಎಲ್ಲ ಬಸ್ ತಪ್ಪಿಸಿಕೊಂಡವರ ಹಾಗೆ ಬೇರೆ ಬೇರೆ ನಿಂತುಬಿಡುತ್ತಿದ್ದವು. ಅಕ್ಕ ಒಂದೊಂದು ಒತ್ತನ್ನೂ ಚಿತ್ರದಂತೆ ಬಿಡಿಸಿ, ಅಕ್ಷರದ ಬುಡಕ್ಕೆ ಕೈಯಿಂದ ತಂದು ಕೂರಿಸುತ್ತಿದ್ದರು. ಒಂದು ಕರೆಯೋಲೆಗೆ ಮೂರು ನಾಲ್ಕು ದಿನ. ನಾನೂ ಹಾಗೆಯೇ ಕಲಿತೆ, ಹಾಗೆಯೇ ಮಾಡಿದೆ. ಬೇರೆ ದಾರಿ ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅಕ್ಕನ ಗಂಡನಿಗೆ ಲಕ್ವ ಹೊಡೆದ ಮೇಲೆ ಅವರು ಪ್ರೆಸ್ ಬಿಟ್ಟರು. ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಹಾಸಿಗೆಯಿಂದ ಏಳಲು ಒಬ್ಬರು ಹಿಡಿದುಕೊಳ್ಳಬೇಕು. ವೇಲಚೇರಿಯ ಅವರ ನೆಲಮಹಡಿಯ ಫ್ಲ್ಯಾಟಿನ ಹಾಲಿನಲ್ಲೇ ಗಂಡನ ಮಂಚ, ಅದರ ಕಾಲ್ದೆಸೆಯಲ್ಲಿ ಕಂಪ್ಯೂಟರ್ ಮೇಜು. ಕೆಲಸ ಮಾಡುತ್ತಲೇ ತಲೆ ಎತ್ತಿದರೆ ಅವರ ಮುಖ ಕಾಣಬೇಕು, ಹಾಗೆ ಜೋಡಿಸಿಕೊಂಡಿದ್ದರು. "ಇವರನ್ನ ಒಂದು ತಾಸು ಬಿಟ್ಟು ಹೋಗಾಕ ಆಗೂದಿಲ್ಲ ತಂಗಿ. ಈ ಕಂಪ್ಯೂಟರ್ ಐತಿ ಅಂತ ಮನ್ಯಾಗ ಕುಂತು ಅನ್ನ ತಿನ್ನಾಕತ್ತೇವಿ" ಎನ್ನುತ್ತಿದ್ದರು. ಇದಿಷ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಜಾಗವೇ ಇಲ್ಲ.

ಆ ಸಾಫ್ಟ್‌ವೇರ್ ನನಗೆ ಸಿಕ್ಕಿದ್ದು ಸಿಟ್ಟಿನಿಂದ. ನಾನೂ ಪ್ರೆಸ್ ಬಿಟ್ಟು ಈ ಅಂಗಡಿ ತೆರೆದ ಮೇಲೆ ಒಂದು ದಿನ ಒತ್ತು ಕೂರಿಸಿ ಕೂರಿಸಿ ಕಣ್ಣು ಉರಿದು, ಇದಕ್ಕೆ ಪರಿಹಾರವೇ ಇಲ್ಲವೇ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಯಾವುದೋ ಚರ್ಚೆಯ ಬುಡದಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಒಂದು ಹೆಸರು ಬರೆದಿದ್ದ. ಹೊರದೇಶದ ಸಣ್ಣ ಕಂಪನಿ. ತಿಂಗಳು ತಿಂಗಳು ಬಾಡಿಗೆ ಕಟ್ಟುವ ರಗಳೆ ಇಲ್ಲ, ಒಂದು ಸಲ ಕೊಂಡರೆ ಮುಗಿಯಿತು. ಬೆಲೆ, ಹಬ್ಬಕ್ಕೆ ಕೊಳ್ಳುವ ಒಂದು ಸೀರೆಗಿಂತ ಕಡಿಮೆ. ಪರೀಕ್ಷೆಗೆಂದು ಇಳಿಸಿಕೊಂಡು ಮೊದಲು ಹೊಡೆದ ಪದವೇ ಲಕ್ಷ್ಮಿ. ಅಕ್ಷರ ಇದ್ದ ಹಾಗೇ ಬಂತು, ಒತ್ತಿನ ಕೆಳಗಿನ ಒತ್ತೂ ಅದರದೇ ಜಾಗದಲ್ಲಿ ಕೂತಿತ್ತು. ನಾನು ಒಬ್ಬಳೇ ಅಂಗಡಿಯಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ.

ಮೊದಮೊದಲು ಹೆಸರು ಮುಚ್ಚಿಡುವ ಯೋಚನೆ ನನಗಿರಲಿಲ್ಲ. ನನ್ನ ಫೈಲುಗಳನ್ನು ಅಚ್ಚು ಹಾಕುವ ಪ್ರೆಸ್ಸಿನವರಿಗೆ ಸಂಭ್ರಮದಿಂದಲೇ ಹೇಳಿದೆ. ಪ್ರೆಸ್ಸಿನ ಮಾಲೀಕರು ಮೂಗು ಮುರಿದು, "ಎನ್ನ ಸಾಫ್ಟ್‌ವೇರ್ ಮಾ ಇದು? ಪೇರೇ ಕೇಟ್ಟದಿಲ್ಲೆ" ಎಂದರು. ಹೆಸರೇ ಕೇಳಿಲ್ಲವಂತೆ. ನನ್ನ ಫೈಲು ಒಂದಿಷ್ಟೂ ತೊಂದರೆ ಇಲ್ಲದೆ ಅಚ್ಚಾಯಿತು. ಆದರೆ ಅದೇ ವಾರ ಅವರ ಮಷೀನಿನಲ್ಲಿ ಕೆಂಪು ಶಾಯಿ ಹೆಚ್ಚಾಗಿ ಒಂದು ಹೋಟೆಲಿನ ಮೆನು ಪೂರ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿದಾಗ, ತಪ್ಪು ಯಾರದೆಂದು ಕೇಳಬೇಕಾಗಲೇ ಇಲ್ಲ. ನಿನ್ನ ಪೇರು ಇಲ್ಲದ ಸಾಫ್ಟ್‌ವೇರಿನದು ಎಂದರು. ಮಷೀನು ಅವರದು, ಶಾಯಿ ಅವರದು, ಬೈಗುಳ ಮಾತ್ರ ನನಗೆ. ಹೋಟೆಲಿನವರೂ ಬಿಡಲಿಲ್ಲ: ಅಗ್ಗದ್ದರಲ್ಲಿ ಮಾಡುವುದಾದರೆ ನಮಗೂ ಅಗ್ಗಕ್ಕೆ ಮಾಡಿಕೊಡಿ ಎಂದರು. ನಾನು ದುಡಿದ ಹೊತ್ತು ಅವರ ಲೆಕ್ಕಕ್ಕೇ ಬರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇದು ಹಿತ್ತಲ ಗಿಡವೂ ಆಗಿರಲಿಲ್ಲ, ಬರೀ ಅಗ್ಗವಾಗಿತ್ತು, ಅಷ್ಟು ಸಾಕಾಯಿತು. ನಮ್ಮ ಬೀದಿಯ ತುದಿಯಲ್ಲಿ ಒಂದು ಕಂಪ್ಯೂಟರ್ ಕಲಿಸುವ ಸೆಂಟರ್ ಇದೆ. ಅದನ್ನು ನಡೆಸುವವನಿಗೂ ಹೇಳಿ ನೋಡಿದೆ. ಸಾಫ್ಟ್‌ವೇರ್ ಚೆನ್ನಾಗಿದೆಯೋ ಇಲ್ಲವೋ ಎಂದು ಆತ ನೋಡಲೇ ಇಲ್ಲ. ಬೋರ್ಡಿನ ಮೇಲಿನ ಹೆಸರು ನೋಡಿ ಮಕ್ಕಳು ಒಳಗೆ ಬರಬೇಕು, ಕೆಲಸ ಕೊಡುವವರು ಆ ಹೆಸರನ್ನೇ ಕೇಳುತ್ತಾರೆ ಎಂದ. ಕೆಲಸ ಕೊಡುವವರನ್ನು ಕೇಳಿದರೆ, ಕಲಿತು ಬಂದವರಿಗೆ ಅದೊಂದೇ ಬರುತ್ತದೆ ಎನ್ನುತ್ತಾರೆ. ದೊಡ್ಡ ಹೆಸರಿನದನ್ನು ನ್ಯಾಯವಾಗಿ ಕೊಂಡರೆ ತಿಂಗಳ ಸಂಪಾದನೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಆದರೆ ಕೊಳ್ಳುವವರು ಯಾರು? ಕದ್ದ ಪ್ರತಿ ಹಾಕಿಕೊಡುವವನು ಒಂದು ಫೋನಿಗೆ ಬಾಗಿಲಿಗೆ ಬರುತ್ತಿದ್ದ. ಕದ್ದದ್ದು ಬಿಟ್ಟಿ ಸಿಗುವಾಗ ಅಗ್ಗದ್ದೂ ದುಬಾರಿಯೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಹಾಗಾಗಿ ನಾನು ಸುಳ್ಳು ಹೇಳಲು ಕಲಿತೆ. ಯಾವುದರಲ್ಲಿ ಮಾಡುತ್ತೀರಿ ಎಂದು ಕೇಳಿದರೆ ದೊಡ್ಡ ಹೆಸರನ್ನೇ ಹೇಳುತ್ತಿದ್ದೆ. ಗಿರಾಕಿ ಒಳಗೆ ಬಂದರೆ ಪರದೆಯ ಮೇಲಿನ ಕಿಟಕಿಯನ್ನು ಕಿರಿದು ಮಾಡುತ್ತಿದ್ದೆ. ಸುಳ್ಳು ಹೇಳಿದ ದಿನದಿಂದ ಪ್ರೆಸ್ಸಿನವರು ನನ್ನ ಫೈಲುಗಳನ್ನು ಹೊಗಳತೊಡಗಿದರು. ಈಗ ನೋಡಮ್ಮ, ಹೀಗಿರಬೇಕು ಎಂದರು. ಅದೇ ಸಾಫ್ಟ್‌ವೇರ್, ಅದೇ ಕೈ. ನನಗೆ ಉಗಿಯಬೇಕೆನಿಸಿತು, ಆದರೆ ನಕ್ಕು ಸುಮ್ಮನಾದೆ.

ಇಲ್ಲಿಯವರೆಗೆ ನನ್ನನ್ನು ಕ್ಷಮಿಸಬಹುದು. ಮುಂದಿನದು ಹಾಗಲ್ಲ.

ಒತ್ತು ತಾನಾಗಿ ಕೂರತೊಡಗಿದ ಮೇಲೆ ನಾಲ್ಕು ದಿನದ ಕೆಲಸ ಒಂದು ದಿನಕ್ಕೆ ಇಳಿಯಿತು. ಕನ್ನಡದ ಮನೆಗಳಲ್ಲಿ ಸುದ್ದಿ ಹಬ್ಬಲು ಒಂದು ಮುಂಜಿಯ ಊಟ ಸಾಕು. ವೇಲಚೇರಿಯ ಅಕ್ಕ ನಾಲ್ಕು ದಿನ ಹಿಡಿಯುತ್ತಾರೆ, ಮೈಲಾಪೂರಿನವಳು ಮರುದಿನವೇ ಕೊಡುತ್ತಾಳೆ ಎಂದಾಯಿತು. ಅಕ್ಕನ ಹತ್ತಿರ ಹೋಗುತ್ತಿದ್ದ ಮನೆಗಳು ಒಂದೊಂದಾಗಿ ನನ್ನ ಮೆಟ್ಟಿಲ ಕೆಳಗೆ ಬಂದು ಕೂತವು. ನನಗೆ ಬೇಸರವಾಯಿತೇ? ಇಲ್ಲ. ಖುಷಿಯಾಯಿತು. ಅಕ್ಕನಷ್ಟು ಅಂದವಾಗಿ ಅಕ್ಷರ ನಿಲ್ಲಿಸಲು ನನಗೆ ಈ ಜನ್ಮದಲ್ಲಿ ಬಾರದು ಎಂದು ನನಗೇ ಗೊತ್ತಿತ್ತು. ಅವರಿಗಿಂತ ಒಂದು ವಿಷಯದಲ್ಲಾದರೂ ಮುಂದಾದೆನಲ್ಲ ಎಂಬ ಸಣ್ಣ ಜಂಬ ಒಳಗೊಳಗೇ ಸಿಹಿಯಾಗಿತ್ತು.

ಒಂದು ಸಲ ಅಕ್ಕ ಫೋನಿನಲ್ಲಿ ಕೇಳಿದ್ದರು, "ಅಷ್ಟು ಲಗೂನ ಹೆಂಗ ಮಾಡ್ತಿ ತಂಗಿ?" ಎಂದು. ಕೇಳಿದ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಹೆಮ್ಮೆ ಇತ್ತು. "ಎಂತದೂ ಇಲ್ಲ ಅಕ್ಕ, ರಾತ್ರಿ ಸ್ವಲ್ಪ ಜಾಸ್ತಿ ಕೂರ್ತೇನೆ ಅಷ್ಟೆ" ಎಂದೆ. "ಕಣ್ಣು ಜ್ವಾಕಿ" ಎಂದರು.

ಆ ವರ್ಷದ ಮಳೆಗೆ ವೇಲಚೇರಿ ಮುಳುಗಿತು. ಮುಳುಗುವುದು ಅಲ್ಲಿಗೆ ಹೊಸದಲ್ಲ. ಕೆರೆಯಿದ್ದ ಜಾಗದಲ್ಲಿ ಮನೆ ಕಟ್ಟಿದರೆ ನೀರು ತನ್ನ ವಿಳಾಸ ಮರೆಯುವುದಿಲ್ಲ. ಅಕ್ಕನ ಮನೆಯೊಳಗೆ ಸೊಂಟದ ಮಟ್ಟ ನೀರು ಬಂತು. ಮೇಲಿನ ಮಹಡಿಯವರು ನಾಲ್ಕು ಜನ ಸೇರಿ ಗಂಡನನ್ನು ಮಂಚ ಸಮೇತ ಎತ್ತಿಕೊಂಡು ಹೋದರು. ಕಂಪ್ಯೂಟರಿನ ನೆನಪು ಬಂದಾಗ ಅದು ನೀರಿನ ಅಡಿಯಲ್ಲಿತ್ತು.

ನೀರಿಳಿದ ಮೇಲೆ ನಾನು ಹೋದೆ. ರೈಲು ಇಳಿದು ಮೊಣಕಾಲಿನವರೆಗೆ ಸೀರೆ ಎತ್ತಿಕೊಂಡು ಕೆಸರು ತುಳಿಯುತ್ತಾ ಹೋದೆ. ಗೋಡೆಯ ಮೇಲೆ ನೀರು ನಿಂತ ಗೆರೆ ಹಾಗೇ ಇತ್ತು. ಮನೆಯೆಲ್ಲ ಚರಂಡಿಯ ವಾಸನೆ. ಅಕ್ಕ ಸಿಪಿಯುವನ್ನು ಬಿಚ್ಚಿ, ಒಳಗಿನ ಭಾಗಗಳನ್ನು ಹಳೆಯ ಪಂಚೆಯ ಮೇಲೆ ಹಪ್ಪಳದ ಹಾಗೆ ಒಣಹಾಕಿದ್ದರು. ಗಂಡ ಮಂಚದ ಮೇಲಿಂದ ನನ್ನನ್ನು ನೋಡಿ ಬಾಯಿಯ ಒಂದು ಬದಿಯಿಂದ ನಕ್ಕರು.

ಅದು ಒಣಗಿ ಬದುಕಲಿಲ್ಲ. ಯಾರೋ ಸಂಬಂಧಿಕರು ಒಂದು ಹಳೆಯ ಕಂಪ್ಯೂಟರ್ ಕೊಟ್ಟರು. ಅಕ್ಕನ ಹಳೆಯ ಸೀಡಿಯಲ್ಲಿದ್ದ ಸಾಫ್ಟ್‌ವೇರ್ ಅದರಲ್ಲಿ ಕೂರಲಿಲ್ಲ. ಕದ್ದ ಪ್ರತಿ ಹಾಕಿಕೊಡುತ್ತಿದ್ದವನು, ಪಕ್ಕದ ಕಾಂಪ್ಲೆಕ್ಸಿನಲ್ಲಿ ಪೊಲೀಸ್ ರೇಡ್ ಆದ ಮೇಲೆ ಫೋನೇ ಎತ್ತುತ್ತಿರಲಿಲ್ಲ. ಇನ್ನೊಬ್ಬ ಬಂದು ಯಾವುದನ್ನೋ ಹಾಕಿದ. ಅದರ ಜೊತೆಗೆ ಬಂದ ವೈರಸ್ಸು ಒಂದೇ ವಾರದಲ್ಲಿ ಇದ್ದಬದ್ದ ಫೈಲುಗಳನ್ನೆಲ್ಲ ತಿಂದು ಹಾಕಿತು. ಮೊಬೈಲಿನಲ್ಲಿ ಪೋಸ್ಟರ್ ಮಾಡುವ ಆಪ್‌ಗಳಿದ್ದವು, ಪ್ರೆಸ್ಸಿಗೆ ಬೇಕಾದಂಥ ಫೈಲು ಅವುಗಳಿಂದ ಬರುತ್ತಿರಲಿಲ್ಲ. ಉಳಿದದ್ದು ದೊಡ್ಡ ಹೆಸರಿನದಕ್ಕೆ ತಿಂಗಳ ಬಾಡಿಗೆ ಕಟ್ಟುವುದು. ಗಂಡನ ಔಷಧಿಯೋ ಸಾಫ್ಟ್‌ವೇರೋ ಎಂಬ ಪ್ರಶ್ನೆ ಅದು.

ಎರಡನೆಯ ಸಲ ಹೋದಾಗ ಅಕ್ಕ ಚಹಾ ಕೊಟ್ಟು, ಎದುರು ಕೂತು, ನೇರವಾಗಿ ಕೇಳಿದರು.

"ನೀ ಈಗ ಏನು ಬಳಸ್ತಿ ತಂಗಿ? ಬ್ಯಾರೆ ಯಾವುದರ ಐತೇನು, ಕಡಿಮಿ ರೊಕ್ಕದ್ದು?"

ನನ್ನ ಬಾಯಿಯವರೆಗೆ ಬಂದಿತ್ತು. ಆ ಹೆಸರು ಹೇಳಲು ಎಷ್ಟು ಹೊತ್ತು ಬೇಕು, ಚಹಾದ ಒಂದು ಗುಟುಕಿಗಿಂತ ಕಡಿಮೆ. ಆ ಚಣದಲ್ಲಿ ನನ್ನ ತಲೆಯೊಳಗೆ ಓಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: ಇವರಿಗೆ ಇದು ಸಿಕ್ಕರೆ ನನ್ನ ಒಂದು ದಿನದ ಕೆಲಸ ಇವರಿಗೆ ಅರ್ಧ ದಿನ. ಅಂದವೂ ಇವರದು, ಬೇಗವೂ ಇವರದು. ಮುಂದಿನ ಲಗ್ನದ ಕಾಲಕ್ಕೆ ನನ್ನ ಮೆಟ್ಟಿಲ ಕೆಳಗೆ ಯಾರು ಬರುತ್ತಾರೆ?

"ಇಲ್ಲಕ್ಕ," ಎಂದೆ. "ನಂದೂ ಅದೇ ಹಳೇದು. ಹೇಗೋ ನಡೀತಾ ಉಂಟು."

"ಹೌದೇನು" ಎಂದರು. ಆಮೇಲೆ ಮಂಚದ ಕಡೆ ನೋಡಿದರು. "ಹಂಗಾರ ಹೊರಗ ಕೆಲಸ ಹುಡುಕಬೇಕು. ಇವರನ್ನ ನೋಡಾವ್ರು ಯಾರು ಅನ್ನೂದೊಂದ ಚಿಂತಿ."

ನಾನು ಚಹಾ ಮುಗಿಸಿದೆ. ಮಲಗಿದ್ದವರು ಎಡಗೈ ಎತ್ತಿ ಏನೋ ಹೇಳಿದರು, ಅಕ್ಕ ಎದ್ದು ಹೋಗಿ ದಿಂಬು ಸರಿಮಾಡಿದರು. ನಾನು ಹೊರಡುತ್ತೇನೆಂದು ಎದ್ದೆ.

ಮನೆಗೆ ಬಂದು ಮಗಳ ಹತ್ತಿರ ಅಕ್ಕನ ಕಷ್ಟವನ್ನು ಹೇಳಿಕೊಂಡೆ, ಮಾತು ಆಡಿದರೆ ಭಾರ ಇಳಿಯುತ್ತದೆಂದು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಮೊಬೈಲಿನಿಂದ ತಲೆ ಎತ್ತದೆಯೇ, "ಪೆರಿಯಮ್ಮಾಕಿಟ್ಟೆ ಉನ್ ಸಾಫ್ಟ್‌ವೇರ್ ಪತ್ತಿ ಏನ್ ಸೊಲ್ಲಲೆ?" ಎಂದಳು. ನಿನ್ನ ಸಾಫ್ಟ್‌ವೇರಿನ ವಿಷಯ ದೊಡ್ಡಮ್ಮನಿಗೆ ಯಾಕೆ ಹೇಳಲಿಲ್ಲ ಎಂದು. ನಿನಗೆ ವ್ಯವಹಾರ ಗೊತ್ತಾಗುವುದಿಲ್ಲ, ಸುಮ್ಮನಿರು ಎಂದು ಗದರಿಸಿದೆ. ಅವಳು ಭುಜ ಕುಣಿಸಿದಳು. ಹದಿನೈದು ವರ್ಷದ ಮಗುವಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ ಎನ್ನುವಂತಿಲ್ಲ. ಗೊತ್ತಾಗಿತ್ತು, ಅದಕ್ಕೇ ಗದರಿಸಿದ್ದು.

ಅಕ್ಕನಿಗೆ ತಿರುವೊಟ್ಟಿಯೂರಿನ ಒಂದು ರಟ್ಟಿನ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಡಬ್ಬಿಗಳ ಮೇಲಿನ ಅಕ್ಷರ, ಗೆರೆ ಕೂರಿಸುವ ಕೆಲಸ. ಅಲ್ಲಿ ದೊಡ್ಡ ಹೆಸರಿನದು ಇತ್ತು. ವೇಲಚೇರಿ ಊರಿನ ದಕ್ಷಿಣದ ತುದಿ, ತಿರುವೊಟ್ಟಿಯೂರು ಉತ್ತರದ ತುದಿ. ಬೀಚ್ ಸ್ಟೇಷನ್ನಿನಲ್ಲಿ ಇಳಿದು ಇನ್ನೊಂದು ರೈಲು, ಅಲ್ಲಿಂದ ಷೇರ್ ಆಟೋ. ಬೆಳಿಗ್ಗೆ ಗಂಡನಿಗೆ ತಿನ್ನಿಸಿ, ನೀರಿನ ಬಾಟಲಿ ಎಡಗೈಗೆ ಎಟುಕುವಂತೆ ಇಟ್ಟು, ಹೊರಗಿನಿಂದ ಬೀಗ ಹಾಕಿ ಹೋದರೆ ಮರಳುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಮಧ್ಯಾಹ್ನ ಮೇಲಿನ ಮನೆಯಾಕೆ ಒಮ್ಮೆ ಬೀಗ ತೆಗೆದು ಬಂದು ನೋಡುತ್ತಿದ್ದರು.

ಕೆಲಸಕ್ಕೆ ಸೇರುವ ಮೊದಲು ಅಕ್ಕ ನನ್ನ ಅಂಗಡಿಗೆ ಬಂದಿದ್ದರು. ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಒಳಗೆ ಬಂದು, ಪ್ಲಾಸ್ಟಿಕ್ ಕವರಿನಿಂದ ಒಂದು ವಹಿ ತೆಗೆದು ಕೊಟ್ಟರು. ಅವರ ಗಿರಾಕಿಗಳ ಹೆಸರು, ಫೋನು, ಯಾವ ಮನೆಯವರಿಗೆ ಯಾವ ದೇವರ ಹೆಸರು ಮೊದಲು ಬರಬೇಕು, ಯಾರ ಮನೆಯಲ್ಲಿ ಅಜ್ಜನ ಹೆಸರಿನ ಮುಂದೆ ಲಿಂಗೈಕ್ಯ ಎಂದು ಹಾಕಬೇಕು, ಎಲ್ಲ ದುಂಡು ಅಕ್ಷರದಲ್ಲಿ ಬರೆದಿತ್ತು. ಮಹಾಪೂರದಲ್ಲಿ ನೆಂದ ಅಂಚುಗಳು ಉಬ್ಬಿಕೊಂಡಿದ್ದವು.

"ಇವೆಲ್ಲಾ ನೀನ ಮಾಡು. ನಿನ್ನ ಬಿಟ್ಟು ಬ್ಯಾರೆಯವರಿಗೆ ಕೊಡಾಕ ನನಗ ಮನಸಿಲ್ಲ" ಎಂದರು.

ನನ್ನ ಹಿಂದೆ ಪರದೆಯ ಮೇಲೆ ಅದೇ ಸಾಫ್ಟ್‌ವೇರ್ ತೆರೆದಿತ್ತು. ನಾನು ಬೆನ್ನಿನಿಂದ ಪರದೆಯನ್ನು ಮರೆಮಾಡಿ ನಿಂತು, ಎರಡೂ ಕೈಯಲ್ಲಿ ವಹಿ ತೆಗೆದುಕೊಂಡೆ. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತನ್ನು ಕೇಳಿದ್ದೆ. ಅದನ್ನು ಮಾಡುವಾಗ ಮೈ ಇಷ್ಟು ತಣ್ಣಗಿರುತ್ತದೆ ಎಂದು ತಿಳಿದಿರಲಿಲ್ಲ.

ಆರೇಳು ತಿಂಗಳು ಹಾಗೇ ನಡೆಯಿತು. ಒಂದು ದಿನ ಮಧ್ಯಾಹ್ನ ನೋಡಿ ಹೋಗಬೇಕಾದ ಮೇಲಿನ ಮನೆಯಾಕೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅವತ್ತೇ ಅಕ್ಕನ ಗಂಡ ತಾವಾಗಿ ಏಳಲು ಹೋಗಿ ಮಂಚದಿಂದ ಬಿದ್ದಿದ್ದಾರೆ. ಸಂಜೆ ಅಕ್ಕ ಬೀಗ ತೆಗೆದಾಗ ನೆಲದ ಮೇಲಿದ್ದರು, ಎಚ್ಚರವಿತ್ತು. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ ಹೇಳಲು ಮಾತಿರಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಎರಡು ವಾರ ಇದ್ದರು. ಶ್ವಾಸಕೋಶಕ್ಕೆ ಸೋಂಕು ಹತ್ತಿ ಹೋದರು.

ನಮ್ಮಲ್ಲಿ ಸುಡುತ್ತಾರೆ, ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಹೆಗಲಿಗೆ ಹೆಗಲು ಕೊಡುವಷ್ಟು ಜನ ಸೇರಿರಲಿಲ್ಲ. ಹಣೆಯ ತುಂಬ ವಿಭೂತಿ ಬಳಿಸಿಕೊಂಡು ಕುರ್ಚಿಯ ಮೇಲೆ ಕೂತಿದ್ದ ಆ ಮನುಷ್ಯ ಬದುಕಿದ್ದಾಗಿನದಕ್ಕಿಂತ ನೆಟ್ಟಗೆ ಕೂತಿದ್ದರು. ಅಕ್ಕ ನನ್ನ ಕೈ ಹಿಡಿದು, "ಬಂದ್ಯಾ ತಂಗಿ" ಎಂದರು. ನಾನು ಅತ್ತೆ. ಅಕ್ಕಪಕ್ಕದವರು ಎಷ್ಟು ಪ್ರೀತಿ ನೋಡಿ ಎಂದುಕೊಂಡರು. ಪ್ರೀತಿ ಇರಲಿಲ್ಲ ಎಂದಲ್ಲ, ಆದರೆ ನಾನು ಅತ್ತದ್ದು ಹೆದರಿಕೆಯಿಂದ.

ಆ ಮೇಲೆ ನನಗೆ ನಿದ್ದೆ ಸರಿಯಾಗಿ ಬಂದದ್ದು ಕಡಿಮೆ. ನನಗೆ ನಾನೇ ವಕೀಲಿ ಮಾಡಿಕೊಂಡೆ. ಮನೆಯಲ್ಲಿ ಅಕ್ಕ ಇದ್ದರೂ ಬೀಳಬಹುದಿತ್ತು ಎಂದೆ. ಆ ಕಂಪನಿಯವರು ಜಾಹೀರಾತು ಕೊಟ್ಟಿದ್ದರೆ ಅಕ್ಕನಿಗೆ ತಾನಾಗಿ ಗೊತ್ತಾಗುತ್ತಿತ್ತು ಎಂದೆ. ಒಳ್ಳೆಯದು, ಅಗ್ಗದ್ದು ಆಗಿದ್ದರೂ ಅದು ಜನಕ್ಕೆ ಗೊತ್ತಿಲ್ಲದ್ದಕ್ಕೆ ಕಾರಣಗಳ ಪಟ್ಟಿಯನ್ನೇ ಮಾಡಿದೆ: ಪ್ರೆಸ್ಸಿನವರು, ಸೆಂಟರಿನವರು, ಕದ್ದು ಹಾಕಿಕೊಡುವವರು. ಎಲ್ಲ ಸರಿಯೇ. ಆದರೆ ಆ ದಿನ ವೇಲಚೇರಿಯ ಮನೆಯಲ್ಲಿ ಚಹಾ ಲೋಟ ಹಿಡಿದು ಕೂತವರಲ್ಲಿ ಇವರು ಯಾರೂ ಇರಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಅಕ್ಕನನ್ನು ಕಾರ್ಖಾನೆಯವರು ಕೆಲಸದಿಂದ ತೆಗೆದರು. ರೈಲು ಹತ್ತಿಳಿದು ಮಂಡಿ ಸವೆದಿತ್ತು, ಲೇಟಾಗಿ ಬರುತ್ತಾರೆ ಎಂಬ ದೂರು. ಆಗ ನಾನು ನನ್ನ ಹಳೆಯ ಲ್ಯಾಪ್‌ಟಾಪಿಗೆ ಆ ಸಾಫ್ಟ್‌ವೇರನ್ನು ಅಕ್ಕನ ಹೆಸರಿನಲ್ಲೇ ಕೊಂಡು ಹಾಕಿ ತೆಗೆದುಕೊಂಡು ಹೋದೆ. ಪಾಪ ತೊಳೆಯಲು ಇದಕ್ಕಿಂತ ಅಗ್ಗದ ದಾರಿ ಕಾಣಲಿಲ್ಲ. ಏನೂ ಹೇಳದೆ ಕೊಟ್ಟು ಬರುವುದೆಂದು ತೀರ್ಮಾನಿಸಿಯೇ ಹೋಗಿದ್ದೆ.

ಅಕ್ಕ ಕನ್ನಡಕ ಏರಿಸಿಕೊಂಡು ಕೂತರು. ಹತ್ತು ನಿಮಿಷದಲ್ಲಿ ಅವರ ಬೆರಳುಗಳಿಗೆ ಎಲ್ಲ ಸಿಕ್ಕಿತು. ಅವರು ಹೊಡೆದ ಮೊದಲ ಪದ ಗಂಡನ ಹೆಸರು. ಅದರಲ್ಲಿ ಎರಡು ಒತ್ತುಗಳಿದ್ದವು. ಎರಡೂ ತಾವಾಗಿ ಬಂದು ಕೂತವು.

"ಅಯ್ಯ ಶಿವನ!" ಎಂದರು. ಪುಟ್ಟ ಹುಡುಗಿಯ ಹಾಗೆ ನನ್ನ ಕಡೆ ತಿರುಗಿದರು. "ಎಷ್ಟು ಚಲೋ ಐತಿ ತಂಗಿ! ಯಾವಾಗ ಬಂತಿದು?"

ಈಗಷ್ಟೇ ಬಂದದ್ದು ಅಕ್ಕ, ಹೊಸದು. ಈ ಮಾತು ನಾಲಿಗೆಯ ತುದಿಯಲ್ಲಿತ್ತು, ನಾಲ್ಕು ವರ್ಷದ ಅಭ್ಯಾಸ. ಯಾಕೆ ಹೇಳಲಿಲ್ಲವೋ ತಿಳಿಯದು. ಪರದೆಯ ಮೇಲೆ ಆ ಹೆಸರು ಇತ್ತಲ್ಲ, ಅದಕ್ಕಿರಬೇಕು.

"ನೀವು ಅವತ್ತು ಕೇಳಿದಾಗಲೂ ಇತ್ತಕ್ಕ," ಎಂದೆ. "ನನ್ನ ಹತ್ರ ಇತ್ತು. ನಾನು ಹೇಳ್ಲಿಲ್ಲ."

ಅಕ್ಕ ಪರದೆಯ ಕಡೆ ತಿರುಗಿದರು. ಮೌಸ್ ಮೇಲಿನ ಕೈ ಅಲ್ಲಾಡಲಿಲ್ಲ.

"ಎಷ್ಟು ಇದಕ್ಕ?" ಎಂದು ಕೇಳಿದರು.

ಹೇಳಿದೆ.

"ಅಷ್ಟ?"

ನಾನು ತಲೆಯಾಡಿಸಿದೆ.

"ಬಿದ್ದಾಗ ಕೂಗಿರಬೇಕು ನೋಡು," ಎಂದರು, ನನ್ನ ಕಡೆ ನೋಡದೆ. "ಬಾಯಿ ತಿರುಗತಿದ್ದಿಲ್ಲ, ಆದ್ರೂ ಕೂಗಿರತಾರ. ಗಂಟಲ ಪೂರ್ತಿ ಒಣಗಿತ್ತು. ನಾ ಬಂದ ಮ್ಯಾಲೆ ಎರಡು ಚಂಬು ನೀರು ಕುಡದ್ರು."

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಅಳಲಿಲ್ಲ. ಗಂಡನ ಹೆಸರಿದ್ದ ಫೈಲನ್ನು ಸೇವ್ ಮಾಡಿ, ಎದ್ದು ಒಳಗೆ ಹೋದರು. ಪಾತ್ರೆ ತೊಳೆಯುವ ಸದ್ದು ಕೇಳಿತು. ನಾನು ಅಷ್ಟು ಹೊತ್ತು ಕಾದೆ, ಆಮೇಲೆ ಬಾಗಿಲನ್ನು ಎಳೆದುಕೊಂಡು ಬಂದೆ.

ಲ್ಯಾಪ್‌ಟಾಪನ್ನು ಅಕ್ಕ ಹಿಂದಕ್ಕೆ ಕಳಿಸಲಿಲ್ಲ. ಫೋನನ್ನೂ ಮಾಡಲಿಲ್ಲ. ಕನ್ನಡದ ಮನೆಗಳು ಮತ್ತೆ ವೇಲಚೇರಿಯ ಹಾದಿ ಹಿಡಿದವು, ನಾನು ಹೆದರಿದ್ದ ಹಾಗೆಯೇ. ಹೆದರಿದ್ದಷ್ಟು ಕಷ್ಟವೇನೂ ಆಗಲಿಲ್ಲ. ಹೋಟೆಲುಗಳ ಮೆನು ಇತ್ತು, ಲೇಬಲ್ಲು ಇತ್ತು, ನಮ್ಮ ಮನೆಯ ಒಲೆ ಒಂದು ದಿನವೂ ಆರಲಿಲ್ಲ. ಯಾವುದನ್ನು ಉಳಿಸಿಕೊಳ್ಳಲು ಅಷ್ಟು ಮಾಡಿದೆನೋ ಅದು ಇಲ್ಲದೆಯೂ ಬದುಕು ನಡೆಯುತ್ತಿತ್ತು. ಇದನ್ನು ತಿಳಿದ ಮೇಲೆ ನಾನು ಇನ್ನೂ ಕೆಟ್ಟವಳು ಎನಿಸಿತು.

ಈಚೆಗೆ ಒಂದು ಭಾನುವಾರ ತಡೆಯಲಾರದೆ ಹೋದೆ. ಬಾಗಿಲು ತೆರೆದಿತ್ತು, ಹೊರಗೆ ಆರೇಳು ಜೊತೆ ಚಪ್ಪಲಿ. ಮಂಚವಿದ್ದ ಜಾಗದಲ್ಲಿ ಚಾಪೆ ಹಾಸಿ ಹೆಂಗಸರು ಕೂತಿದ್ದರು. ಅಕ್ಕಪಕ್ಕದ ಬೀದಿಯವರು, ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಜೊತೆಗಿದ್ದ ಒಬ್ಬಿಬ್ಬರು. ಮೂರು ಹಳೆಯ ಲ್ಯಾಪ್‌ಟಾಪ್‌ಗಳು. ಎಲ್ಲದರಲ್ಲೂ ನಾನು ಮುಚ್ಚಿಟ್ಟಿದ್ದ ಅದೇ ಕಿಟಕಿ ತೆರೆದಿತ್ತು. ಅಕ್ಕ ಒಬ್ಬೊಬ್ಬರ ಹಿಂದೆ ಬಾಗಿ ಕಲಿಸುತ್ತಿದ್ದರು. ದುಡ್ಡು ತೆಗೆದುಕೊಳ್ಳುವುದಿಲ್ಲವೆಂದು ಆಮೇಲೆ ತಿಳಿಯಿತು.

ಅವರಲ್ಲಿ ಕಿರಿಯವಳೊಬ್ಬಳು, ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದವಳು, ತಮಿಳಿನಲ್ಲಿ ಕೇಳಿದಳು: ಇಷ್ಟು ಚೆನ್ನಾಗಿದೆ, ಇಷ್ಟು ಅಗ್ಗ, ಇಷ್ಟು ದಿನ ಇದು ಯಾರಿಗೂ ಯಾಕೆ ಗೊತ್ತಾಗಲಿಲ್ಲ ಅಕ್ಕಾ?

ಅಕ್ಕ ತಲೆ ಎತ್ತಿದಾಗ ಬಾಗಿಲಲ್ಲಿ ನಾನು ಕಂಡೆ. ಕಣ್ಣು ನನ್ನ ಮೇಲೆ ಒಂದು ಚಣ ನಿಂತಿತು. ಆಮೇಲೆ ಆ ಹುಡುಗಿಯ ಕಡೆ ತಿರುಗಿ, ಪಾಠ ಹೇಳುವ ಅದೇ ಸಮಾಧಾನದ ದನಿಯಲ್ಲಿ, ಅವಳ ಭಾಷೆಯಲ್ಲೇ ಹೇಳಿದರು.

"ತೆರಿಂಜವಂಗ ಸೊಲ್ಲಲೆ ಮಾ."

ಗೊತ್ತಿದ್ದವರು ಹೇಳಲಿಲ್ಲ. ಹುಡುಗಿ ಸರಿ ಎಂದು ತಲೆಯಾಡಿಸಿ ಮತ್ತೆ ಮೌಸ್ ಹಿಡಿದಳು. ಅಕ್ಕ ಅವಳ ಪಕ್ಕದವಳ ಸಾಲಿನಲ್ಲಿ ಒತ್ತಿ ನಿಂತಿದ್ದ ಎರಡು ಅಕ್ಷರಗಳನ್ನು ಬಿಡಿಸತೊಡಗಿದರು. ಬಾ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.